ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎನ್ನುವವರಿಗೆ

ಬೀದಿಯಲ್ಲಿ ಮಲಗುವವರಿಗೆ ಮೊದಲು ಬಾಗಿಲಿರುವ ಒಂದು ಕೋಣೆ ಕೊಡಿ, ಕುಡಿತ ಬಿಡಿಸುವುದು, ಕೆಲಸ ಕಲಿಸುವುದು, ಬುದ್ಧಿ ಹೇಳುವುದು ಎಲ್ಲ ಆಮೇಲೆ ಎಂದು ನಾನು ಬರೆದದ್ದಕ್ಕೆ ಸಾಕಷ್ಟು ಆಕ್ಷೇಪ ಬಂದಿದೆ. ಬರೀ ಬೈದವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಓದಿ, ಯೋಚಿಸಿ, ಒಪ್ಪಲಾಗದೆ ಬರೆದವರೂ ಇದ್ದಾರೆ. ಅವರ ಮಾತನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಆಕ್ಷೇಪ ಎರಡು ದಿಕ್ಕಿನಿಂದ ಬಂದಿದೆ. ಇದೆಲ್ಲ ಮನಸ್ಸಿನ ಪ್ರಶ್ನೆ, ಏಳಬೇಕೆಂಬ ಛಲ ಇಲ್ಲದವನನ್ನು ಯಾರೂ ಎತ್ತಲಾರರು ಎಂಬುದು ಹೆಚ್ಚಿನವರ ವಾದ. ಮನಸ್ಸಿನ ಮಾತೆಲ್ಲ ಹೊಟ್ಟೆ ತುಂಬಿದವರದು, ಮನೆ ಕಟ್ಟಿಸಿ ಕೊಟ್ಟರೆ ಮುಗಿಯಿತು ಎಂಬುದು ಇನ್ನು ಕೆಲವರದು. ಇಬ್ಬರೂ ಮನಸ್ಸನ್ನು ಒಂದು ಕಡೆ, ಮನುಷ್ಯ ಇರುವ ಜಾಗವನ್ನು ಇನ್ನೊಂದು ಕಡೆ ಇಟ್ಟು ಮಾತಾಡುತ್ತಿದ್ದಾರೆ. ನನ್ನ ತಕರಾರು ಇರುವುದೇ ಅಲ್ಲಿ.

“ಮನಸ್ಸಿದ್ದರೆ ಮಾರ್ಗ. ಕಷ್ಟದಿಂದ ಮೇಲೆ ಬಂದವರು ನಮ್ಮಲ್ಲೇ ಎಷ್ಟಿಲ್ಲ? ಇವರಿಗೆ ಇಚ್ಛಾಶಕ್ತಿಯಿಲ್ಲ” ಎಂದು ಬರೆದವರು ಒಬ್ಬ ನಿವೃತ್ತ ಮೇಷ್ಟ್ರು. ತಾವು ವಾರಾನ್ನ ಉಂಡು ಓದಿದವರೆಂದೂ ತಿಳಿಸಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ವಾರಾನ್ನದಲ್ಲಿ ಏನೇನಿತ್ತು ಎಂದು ಅವರೇ ನೆನಪು ಮಾಡಿಕೊಳ್ಳಲಿ. ವಾರಕ್ಕೆ ಏಳು ಮನೆ. ಏಳೂ ಮನೆಯಲ್ಲಿ ಹೆಸರು ಹಿಡಿದು ಕರೆದು ಎಲೆ ಹಾಕುವ ಒಬ್ಬ ತಾಯಿ. ಒಂದು ದಿನ ಬರದಿದ್ದರೆ “ಹುಡುಗನಿಗೆ ಜ್ವರವೇನೋ” ಎಂದು ವಿಚಾರಿಸುವ ಜನ. ರಾತ್ರಿ ಮಲಗಲು ಛತ್ರವೋ, ಮಠವೋ, ಹಾಸ್ಟೆಲ್ಲೋ. ಮೆಜೆಸ್ಟಿಕ್ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿದ್ದು, ಬಡ ವಿದ್ಯಾರ್ಥಿಗಳಿಗೆ ನಿಲಯ ನಡೆಸಿದ್ದು ಇದೇ ತಿಳಿವಳಿಕೆಯಿಂದ. ಓದಿ ಮುಂದೆ ಬಂದ ಹುಡುಗರ ಛಲ ಅವರದೇ, ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಆ ಛಲಕ್ಕೆ ಬೇರು ಬಿಡಲು ನೆಲ ಇತ್ತು.

ಈಗ ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆ ಕೆಳಗೆ ಮಲಗುವ ಒಬ್ಬ ಹಮಾಲಿಯನ್ನು ನೋಡಿ. ಯಾದಗಿರಿ ಕಡೆಯವನು. ಆಧಾರ್ ಕಾರ್ಡು, ಮಗಳ ಫೋಟೊ, ಅಂದಿನ ಕೂಲಿ ಇಷ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪಟ್ಟಾಪಟ್ಟಿ ಚಡ್ಡಿಯ ಒಳಜೇಬಿಗೆ ಇಳಿಸುತ್ತಾನೆ. ಚಪ್ಪಲಿಯನ್ನು ತಲೆಯ ಕೆಳಗಿಟ್ಟು ಅದರ ಮೇಲೆ ಟವೆಲ್ ಹಾಸುತ್ತಾನೆ. ಒಂದು ಕಾಲು ಪಕ್ಕದವನಿಗೆ ತಾಗಿರುವಂತೆಯೇ ಮಲಗುತ್ತಾನೆ. ಅವನನ್ನು ಯಾರಾದರೂ ಮುಟ್ಟಿದರೆ ಇವನಿಗೆ ಎಚ್ಚರವಾಗಬೇಕು, ಇವನನ್ನು ಮುಟ್ಟಿದರೆ ಅವನಿಗೆ. ಹನ್ನೊಂದರ ಮೇಲೆ ಒರಗಿದರೆ ಎರಡು ಗಂಟೆಗೆಲ್ಲ ತರಕಾರಿ ಲಾರಿ ಬರುತ್ತದೆ. ನಡುವೆ ಲಾಠಿ ಕಂಬಕ್ಕೆ ಬಡಿದ ಸದ್ದು, ಕುಡಿದವರ ಜಗಳ, ಸೊಳ್ಳೆ. ಮಳೆ ಬಂದರೆ ರಾತ್ರಿಯಿಡೀ ಗೋಡೆಗೆ ಒರಗಿ ಕೂರಬೇಕು. “ಮಕ್ಕೊಳ್ಳೋದು ಮಕ್ಕೊಂತೀವ್ರಿ ಅಕ್ಕೋರ, ನಿದ್ದಿ ಅನ್ನೋದು ಇರಂಗಿಲ್ಲ. ಚಪ್ಪಲ್ ಹೋದ್ರ ನಾಳಿ ದುಡಿಮಿನೂ ಹೋತು” ಎಂದ. ಇವನಿಗೆ ಇಚ್ಛಾಶಕ್ತಿಯಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಇದ್ದಷ್ಟನ್ನೂ ರಾತ್ರಿ ಕಾವಲಿಗೇ ಖರ್ಚು ಮಾಡುತ್ತಿದ್ದಾನೆ.

ಇದು ನನ್ನ ಮರುಕದ ಮಾತಷ್ಟೇ ಅಲ್ಲ. ಚೆನ್ನೈನಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು 452 ಮಂದಿ ಬಡ ದುಡಿಮೆಗಾರರ ನಿದ್ದೆಯನ್ನು ಕೈಗೆ ಕಟ್ಟುವ ಯಂತ್ರದಿಂದ ಅಳೆದಿತ್ತು. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಸುಮಾರು ಎಂಟು ಗಂಟೆ ಮಲಗುವ ಜನ ನಿಜವಾಗಿ ನಿದ್ದೆ ಮಾಡುತ್ತಿದ್ದದ್ದು ಐದೂವರೆ ಗಂಟೆ. ರಾತ್ರಿಯಲ್ಲಿ ಮತ್ತೆ ಮತ್ತೆ ಎಚ್ಚರ. ಕಣ್ಣುಪಟ್ಟಿ, ಕಿವಿಗೆ ಹತ್ತಿ, ಒಳ್ಳೆಯ ಹಾಸಿಗೆ ಎಲ್ಲ ಕೊಟ್ಟು ನೋಡಿದರು. ನಿದ್ದೆ 27 ನಿಮಿಷ ಹೆಚ್ಚಿತು, ಕೆಲಸದಲ್ಲಿ ಏನೂ ಸುಧಾರಣೆ ಕಾಣಲಿಲ್ಲ. ಆದರೆ ಕೆಲಸದ ಜಾಗದಲ್ಲೇ ಸದ್ದಿಲ್ಲದ ಕಡೆ ಮಧ್ಯಾಹ್ನ ಅರ್ಧ ಗಂಟೆಯಷ್ಟು ಮಲಗಲು ಬಿಟ್ಟಾಗ ಕೆಲಸವೂ ಚುರುಕಾಯಿತು, ಮನಸ್ಸೂ ಹಗುರಾಯಿತು. ಇದನ್ನು ನಾನು ಅರ್ಥ ಮಾಡಿಕೊಳ್ಳುವುದು ಹೀಗೆ: ಗದ್ದಲದಲ್ಲಿ ಸಿಕ್ಕ ಗಂಟೆಗಳನ್ನು ಎಷ್ಟು ಕೂಡಿಸಿದರೂ ಅದು ವಿಶ್ರಾಂತಿಯಾಗುವುದಿಲ್ಲ, ನಿಶ್ಚಿಂತೆಯಾಗಿ ಕಣ್ಣು ಮುಚ್ಚಲು ಜಾಗ ಬೇಕು. ಅವರಾದರೂ ಸೂರು ಇದ್ದವರು. ಸೂರೇ ಇಲ್ಲದವರ ಲೆಕ್ಕ ಹಾಕಿ.

ಇನ್ನೊಂದು ಅಧ್ಯಯನ ನಮ್ಮ ಮಂಡ್ಯದವರಿಗೆ ಬೇಗ ಅರ್ಥವಾದೀತು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈ ಖಾಲಿಯಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆ ಮಾಡಿದರು. ಅದೇ ರೈತ, ಅದೇ ತಲೆ. ದುಡ್ಡಿಲ್ಲದಾಗ ಲೆಕ್ಕ ತಪ್ಪಿದವನು ದುಡ್ಡು ಬಂದ ಮೇಲೆ ಸರಿಯಾಗಿ ಬಿಡಿಸಿದ. 2013ರಲ್ಲಿ ಪ್ರಕಟವಾದ ಈ ಕೆಲಸದ ಮೇಲೆ ವಿದ್ವಾಂಸರಲ್ಲಿ ಚರ್ಚೆ ಇದೆ, ಇರಲಿ. ಕಾರ್ಖಾನೆಯಿಂದ ಬಾಕಿ ಬರದೆ ಕಾಯುವ ಮನೆಯಲ್ಲಿ ಮಕ್ಕಳ ಮೇಲೆ ಸಿಟ್ಟು, ತಪ್ಪು ಸಾಲ, ಮರೆತ ಔಷಧಿ ಹೇಗೆ ಹೆಚ್ಚುತ್ತವೆ ಎಂದು ತಿಳಿಯಲು ಯಾವ ವಿದ್ವಾಂಸರೂ ಬೇಕಿಲ್ಲ. ಇವತ್ತಿನ ರಾತ್ರಿಯ ಚಿಂತೆ ತಲೆ ತುಂಬಿದವನಿಗೆ ಮುಂದಿನ ವರ್ಷದ ಯೋಜನೆ ಹಾಕು ಎನ್ನುವುದು ಉಪದೇಶವಾದೀತೇ ಹೊರತು ಸಹಾಯವಾಗದು.

ಎರಡನೆಯ ಆಕ್ಷೇಪ ಕುಡಿತದ್ದು. “ಕೋಣೆ ಕೊಟ್ಟರೆ ಅಲ್ಲೇ ಕುಡಿದು ಬಿದ್ದಿರುತ್ತಾರೆ. ಮೊದಲು ಬಿಡಲಿ.”

ಬೀದಿಯಲ್ಲಿ ಕುಡಿಯುವವರು ಬಹಳ ಇದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ದಿನವಿಡೀ ಮೂಟೆ ಹೊತ್ತವನು ಸಂಜೆ ಒಂದು ನೈಂಟಿ ಏರಿಸುವುದು ಮೈಕೈ ನೋವಿಗೆ, ಚಳಿಗೆ, ಸದ್ದಿನ ನಡುವೆ ಒಂದಿಷ್ಟು ಕಣ್ಣು ಮುಚ್ಚುವುದಕ್ಕೆ. ಹಾಗಾದರೆ ಅವರಿಗೆ ಬಿಡುವ ಮನಸ್ಸೇ ಇಲ್ಲವೇ? ಚೆನ್ನೈನ 229 ಸೈಕಲ್ ರಿಕ್ಷಾ ತುಳಿಯುವವರ ನಡುವೆ ಫ್ರಾಂಕ್ ಶಿಲ್‌ಬಾಕ್ ಎಂಬ ಸಂಶೋಧಕರು ಮಾಡಿದ ಪ್ರಯೋಗವಿದೆ. ಹಗಲು ಕುಡಿಯದೆ ಬಂದರೆ ದುಡ್ಡು ಎಂದಾಗ ಹಗಲಿನ ಕುಡಿತ ಇಳಿಯಿತು, ಉಳಿತಾಯ ಅರ್ಧಕ್ಕಿಂತ ಹೆಚ್ಚು ಏರಿತು. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಷರತ್ತಿಲ್ಲದೆ ಸಿಗುವ ಹೆಚ್ಚು ಹಣವನ್ನು ಬಿಟ್ಟು, ಕುಡಿಯದಿದ್ದರೆ ಮಾತ್ರ ಸಿಗುವ ಕಡಿಮೆ ಹಣವೇ ಇರಲಿ ಎಂದು ಅವರಲ್ಲಿ ಎಷ್ಟೋ ಮಂದಿ ತಾವಾಗಿ ಆರಿಸಿಕೊಂಡರು. ತಮ್ಮನ್ನು ತಡೆದು ನಿಲ್ಲಿಸುವ ಏನಾದರೊಂದು ಬೇಕೆಂದು ಅವರೇ ಕೇಳಿದಂತಾಯಿತು. ಮನಸ್ಸು ಇತ್ತು, ಅದಕ್ಕೆ ಆಸರೆ ಇರಲಿಲ್ಲ.

ಮನೆ ಮೊದಲು ಎಂಬ ಪದ್ಧತಿಯನ್ನು 1992ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದವರು ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ. ಆಮೇಲೆ ಕೆನಡಾ ಸರ್ಕಾರ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿತು. ಎಲ್ಲರೂ ಮಾನಸಿಕ ಕಾಯಿಲೆಯಿದ್ದವರು, ಬಹಳ ಮಂದಿ ಕುಡಿತವೋ ಮಾದಕ ವಸ್ತುವೋ ಹಿಡಿದವರು. ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಉಳಿದವರು, ಷರತ್ತಿಲ್ಲದೆ ಮನೆ ಪಡೆದವರಲ್ಲಿ ಶೇ. 62, ಮಾಮೂಲಿ ಸೇವೆಗಳಿಗೆ ಬಿಟ್ಟವರಲ್ಲಿ ಶೇ. 31. ಕುಡಿತದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆಕ್ಷೇಪಿಸುವವರು ಇದನ್ನು ಎತ್ತಿ ತೋರಿಸಬಹುದು; ಅದಕ್ಕೇ ನಾನೇ ಹೇಳುತ್ತಿದ್ದೇನೆ. ಮನೆ ಸಿಕ್ಕಿದ ಮಾತ್ರಕ್ಕೆ ಕುಡಿತ ಬಿಡುವುದಿಲ್ಲ. ಆದರೆ ಕುಡಿಯುವವನು ಮನೆ ಉಳಿಸಿಕೊಳ್ಳಲಾರ ಎಂಬುದು ಸುಳ್ಳಾಯಿತು. ನಮ್ಮ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಕುಡಿಯುವವರು ಎಷ್ಟಿಲ್ಲ? ಅವರಿಗೆ ಬೀಗದ ಕೈ ಕೊಡುವ ಮುಂಚೆ ಯಾರೂ ಪ್ರಮಾಣ ಮಾಡಿಸಿಕೊಳ್ಳಲಿಲ್ಲ.

ಮೂರನೆಯದು: “ಸರ್ಕಾರ ತಂಗುದಾಣ ಕಟ್ಟಿದೆ. ಖಾಲಿ ಬಿದ್ದಿವೆ. ಇವರಿಗೆ ಫುಟ್‌ಪಾತೇ ಇಷ್ಟ.”

ಸುಪ್ರೀಂ ಕೋರ್ಟು 2010ರಲ್ಲಿ ದೊಡ್ಡ ನಗರಗಳಿಗೆ ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕೆಂದಿತು. ಆಮೇಲೆ ಬಂದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲೂ ಅದೇ ಲೆಕ್ಕ. ತಲಾ 50 ಚದರ ಅಡಿ ಜಾಗ, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು, ಜನ ದುಡಿಯುವ ಜಾಗಕ್ಕೆ ಹತ್ತಿರವಿರಬೇಕು. 2011ರ ಜನಗಣತಿಯಂತೆಯೇ ಬೆಂಗಳೂರು ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷ ಜನ. ಅಂದರೆ 84 ತಂಗುದಾಣ. ಓದುಗರು ತಮ್ಮ ವಾರ್ಡಿನಲ್ಲಿ ಒಂದಾದರೂ ಇದೆಯೇ ಎಂದು ವಿಚಾರಿಸಿಕೊಳ್ಳಲಿ.

ಇರುವ ಕಡೆಗೂ ಜನ ಯಾಕೆ ಹೋಗುವುದಿಲ್ಲ? ಮಾರುಕಟ್ಟೆಯವನಿಗೆ ಕೆಲಸ ನಡುರಾತ್ರಿಯ ಮೇಲೆ, ನಿದ್ದೆ ಬೇಕಾದದ್ದು ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ಎಬ್ಬಿಸುವ ಜಾಗದಿಂದ ಅವನಿಗೇನು ಪ್ರಯೋಜನ? ಗಂಡಸರಿಗೊಂದು, ಹೆಂಗಸರಿಗೊಂದು ಮಾಡಿದರೆ ಗಂಡ ಹೆಂಡತಿ ಮಕ್ಕಳು ಇರುವ ಸಂಸಾರ ಎಲ್ಲಿಗೆ ಹೋಗಬೇಕು? ಚಿಂದಿ ಆಯುವವಳ ಮೂಟೆಯನ್ನು ಒಳಗೆ ಬಿಡುವುದಿಲ್ಲ. ಅದು ಅವಳ ನಾಳಿನ ಅನ್ನ. ಬೀಗ ಹಾಕಲು ಒಂದು ಪೆಟ್ಟಿಗೆಯಿಲ್ಲದ ಕೋಣೆಯಲ್ಲಿ ಮೂವತ್ತು ಜನ ಅಪರಿಚಿತರ ನಡುವೆ ಮಲಗುವುದಕ್ಕಿಂತ, ಕಾಲಿಗೆ ಕಾಲು ತಾಗಿಸಿ ಕಾಯುವ ಗೆಳೆಯನಿರುವ ಮೇಲ್ಸೇತುವೆಯೇ ವಾಸಿ. ಇದರಲ್ಲಿ ಫುಟ್‌ಪಾತಿನ ಮೇಲಿನ ಪ್ರೀತಿಯೇನೂ ಇಲ್ಲ, ಸರಿಯಾದ ಲೆಕ್ಕಾಚಾರವಿದೆ.

ಈ ಆಕ್ಷೇಪದಲ್ಲಿ ನಿಜವೂ ಒಂದಿದೆ. ತಂಗುದಾಣ ಎಷ್ಟು ಚೆನ್ನಾಗಿದ್ದರೂ ಮನೆಯಲ್ಲ. ಫಿನ್ಲೆಂಡಿನವರಿಗೆ ಇದು ಬೇಗ ಹೊಳೆಯಿತು. 2008ರಿಂದ ಅವರು ಹೆಲ್ಸಿಂಕಿಯ ದೊಡ್ಡ ದೊಡ್ಡ ತಂಗುದಾಣಗಳನ್ನೇ ಒಡೆದು ಸಣ್ಣ ಬಾಡಿಗೆ ಮನೆಗಳಾಗಿ ಮಾಡಿ, ಅಲ್ಲಿದ್ದವರ ಹೆಸರಿನಲ್ಲೇ ಕರಾರು ಬರೆದುಕೊಟ್ಟರು. ತಂಗುದಾಣ ತುಂಬಲಿಲ್ಲ ಎಂದು ಇಲ್ಲಿ ಬೇಸರಪಡುವವರು ಈ ದಾರಿಯನ್ನು ಒಪ್ಪಬೇಕಲ್ಲವೇ?

ನಾಲ್ಕನೆಯ ಮಾತು ವೈದ್ಯರೊಬ್ಬರಿಂದ ಬಂದದ್ದು, ಕಾಳಜಿಯಿಂದ ಬಂದದ್ದು. ಬೀದಿಯಲ್ಲಿರುವ ಎಷ್ಟೋ ಮಂದಿಗೆ ಮನೋರೋಗವಿದೆ, ಅವರಿಗೆ ಬೇಕಾದದ್ದು ಆಸ್ಪತ್ರೆ, ಬಾಡಿಗೆ ಮನೆಯಲ್ಲ ಎನ್ನುತ್ತಾರೆ. ಚಿಕಿತ್ಸೆ ಬೇಕು ಎಂಬುದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಮಾತ್ರೆ ಬರೆದುಕೊಟ್ಟ ಮೇಲೆ ಏನಾಗುತ್ತದೆ ಎಂದು ಅವರು ಒಮ್ಮೆ ಬೀದಿಯವರೆಗೆ ಬಂದು ನೋಡಬೇಕು. ಬಸ್ ನಿಲ್ದಾಣದ ಬಳಿ ಇರುತ್ತಿದ್ದ ಒಬ್ಬ ಹೆಂಗಸು ಮಾತ್ರೆಯ ಚೀಟಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿರುತ್ತಿದ್ದಳು, ನುಂಗುತ್ತಿರಲಿಲ್ಲ. ಯಾಕಮ್ಮ ಎಂದರೆ, “ಅದು ತಗೊಂಡ್ರೆ ಮಂಪರು ಹತ್ತುತ್ತಕ್ಕ. ರಾತ್ರಿ ಯಾರು ಬಂದ್ರು, ಏನ್ ಮಾಡಿದ್ರು ಗೊತ್ತಾಗಲ್ಲ” ಎಂದಳು. ಅವಳು ರೋಗದ ಅರಿವಿಲ್ಲದೆ ಮಾತ್ರೆ ಬಿಟ್ಟವಳಲ್ಲ. ಔಷಧಿ ಅವಳನ್ನು ಗಾಢವಾಗಿ ಮಲಗಿಸುತ್ತಿತ್ತು, ಬೀದಿಯಲ್ಲಿ ಗಾಢ ನಿದ್ದೆ ಹೆಂಗಸಿಗೆ ಅಪಾಯ. ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕವೇ ಅವಳ ಚಿಕಿತ್ಸೆಯ ಮೊದಲ ಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯ ಒಳ್ಳೆಯದೇ. ಆದರೆ ಒಂದು ಮಂಗಳವಾರದಿಂದ ಇನ್ನೊಂದು ಮಂಗಳವಾರದ ನಡುವೆ ಆ ಜೀವ ಎಲ್ಲಿರುತ್ತದೆ?

ಕಾನೂನು ಇದನ್ನು ಗುರುತಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಿಪಿಎಲ್ ಕಾರ್ಡಿಲ್ಲದಿದ್ದರೂ ಮನೆಯಿಲ್ಲದವರಿಗೆ ಉಚಿತ ಚಿಕಿತ್ಸೆ ಹಕ್ಕು. ಅಲೆಯುತ್ತಿರುವ ರೋಗಿಯನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಹೊಣೆ. ಅದೇ ಕಾಯ್ದೆ ಸಮುದಾಯದ ನಡುವೆ ಬದುಕುವ ಹಕ್ಕನ್ನೂ ಕೊಟ್ಟಿದೆ: ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದು ಕಾಗದದ ಮಾತು ಎನ್ನುವವರು ಚೆನ್ನೈನ ಬನ್ಯನ್ ಸಂಸ್ಥೆಯ ಕೆಲಸ ನೋಡಲಿ. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಬೀದಿಯಲ್ಲಿ ಅಲೆಯುವ ಮನೋರೋಗಿ ಹೆಂಗಸರಿಗಾಗಿ ಶುರು ಮಾಡಿದ್ದು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋದವರನ್ನು ಅವರು ನಾಲ್ಕೈದು ಜನರ ಗುಂಪು ಮಾಡಿ ಸಾಮಾನ್ಯ ಬೀದಿಯ ಸಾಮಾನ್ಯ ಬಾಡಿಗೆ ಮನೆಗಳಲ್ಲಿ ಇರಿಸಿದರು, ಜೊತೆಗೆ ನೋಡಿಕೊಳ್ಳುವ ಒಬ್ಬರನ್ನು ಕೊಟ್ಟರು. ಅಡುಗೆ ಅವರದೇ, ಅಂಗಡಿಗೆ ಹೋಗುವುದು ಅವರೇ, ಪಕ್ಕದ ಮನೆಯವರೊಂದಿಗೆ ನಗು, ಜಗಳ ಎಲ್ಲ ಅವರದೇ. ಆಸ್ಪತ್ರೆಯ ವಾರ್ಡಿನಲ್ಲಿ ಇವತ್ತು ಏನು ಸಾರು ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಹಾಗೆ ಕೇಳುವುದು, ಅದಕ್ಕೊಂದು ಉತ್ತರ ಯೋಚಿಸುವುದು ಮನಸ್ಸಿಗೆ ಎಷ್ಟು ದೊಡ್ಡ ವ್ಯಾಯಾಮ ಎಂದು ನಮ್ಮ ವೈದ್ಯಮಿತ್ರರಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಸೌಕರ್ಯ ಮಾಡಿಕೊಟ್ಟರೆ ಇನ್ನಷ್ಟು ಜನ ಬಂದು ಸೇರುತ್ತಾರೆ ಎಂಬ ಭಯಕ್ಕೆ ದೊಡ್ಡ ಉತ್ತರ ಬೇಕಿಲ್ಲ. ಸುರಪುರದಿಂದ, ದೇವದುರ್ಗದಿಂದ ಗುಳೆ ಬರುವವರು ತಂಗುದಾಣದ ಆಸೆಗೆ ಬಸ್ಸು ಹತ್ತುವುದಿಲ್ಲ. ಮೇಸ್ತ್ರಿ ಕರೆದ ಎಂದು, ಮಳೆ ಹೋಯಿತು ಎಂದು, ಸಾಲ ತೀರಿಸಬೇಕೆಂದು ಬರುತ್ತಾರೆ. ಮೆಟ್ರೊ ಕಟ್ಟಲು ಬೇಕಾದವರು, ಕಟ್ಟಿ ಮುಗಿದ ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳುವುದು ನಗರಕ್ಕೆ ಹೊರೆಯಾಗಬಾರದು. ಚುನಾವಣಾ ಆಯೋಗ ಇವರನ್ನು ಈ ಊರಿನವರೆಂದು ಒಪ್ಪುತ್ತದೆ. ಮನೆಯಿಲ್ಲದವನು ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ ವಿಳಾಸದ ದಾಖಲೆ ಕೇಳುವುದಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೋಗಿ ಅವನು ನಿಜವಾಗಿ ಅಲ್ಲೇ ಮಲಗುತ್ತಾನೆಯೇ ಎಂದು ನೋಡಿ ಹೆಸರು ಸೇರಿಸಬೇಕೆಂಬ ನಿಯಮವಿದೆ. ಮತಕ್ಕೆ ಒಪ್ಪಿಗೆಯಾದ ವಿಳಾಸ ಬ್ಯಾಂಕ್ ಖಾತೆಗೆ, ಪಡಿತರಕ್ಕೆ, ಶಾಲೆಯ ದಾಖಲಾತಿಗೆ ಬಂದಾಗ ಮಾತ್ರ ಯಾಕೆ ತಕರಾರಾಗಬೇಕು?

ಇನ್ನು, ನನ್ನ ಪಕ್ಕದಲ್ಲೇ ನಿಂತು ಆಕ್ಷೇಪಿಸಿದ ಗೆಳೆಯರಿಗೆ. ಮನಸ್ಸು, ಒಂಟಿತನ, ನಾಚಿಕೆ ಎಂದೆಲ್ಲ ಬರೆದು ನಾನು ಭೂಮಿ ಮತ್ತು ವಸತಿಯ ಹೋರಾಟವನ್ನು ಮೆತ್ತಗೆ ಮಾಡುತ್ತಿದ್ದೇನೆ ಎಂಬುದು ಅವರ ದೂರು. ಮನೆ ಕೊಡಿ, ಮನಸ್ಸು ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ.

ಯಾವ ಮನೆ, ಎಲ್ಲಿಯ ಮನೆ? 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಸಮುಚ್ಚಯದ ಜಾಗದಿಂದ ನೂರಾರು ಕುಟುಂಬಗಳನ್ನು ಎಬ್ಬಿಸಿದಾಗ ಕೆಲವರಿಗೆ ಸರ್ಜಾಪುರ ರಸ್ತೆಯಾಚೆ ಸೂಲಿಕುಂಟೆಯಲ್ಲಿ ಮನೆ ತೋರಿಸಲಾಯಿತು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸಿಗೆ ಅಲ್ಲಿಂದ ಬಂದು ಹೋಗುವ ಬಸ್ಸಿನ ಖರ್ಚು, ಹೊತ್ತು ಎಲ್ಲಿಂದ ಬರಬೇಕು? ಎಷ್ಟೋ ಕುಟುಂಬಗಳು ಅದೇ ಕಾಂಪೌಂಡಿನ ಹೊರಗೆ ಫುಟ್‌ಪಾತಿನಲ್ಲಿ ಟಾರ್ಪಾಲಿನ್ ಹೊದಿಸಿಕೊಂಡು ಉಳಿದವು. ಕೆಲಸ, ಮಕ್ಕಳ ಶಾಲೆ, ಕೈಸಾಲ ಕೊಡುವ ಪಕ್ಕದವಳು, ಗುರುತು ಹಿಡಿಯುವ ಅಂಗಡಿಯವನು ಇವೆಲ್ಲ ಸೇರಿ ಜಾಗವಾಗುತ್ತದೆ. ಗೋಡೆ ಅದರಲ್ಲಿ ಒಂದು ಭಾಗ.

ಒಂಟಿಯಾಗಿ ಬೀದಿಯಲ್ಲಿ ಬಹಳ ಕಾಲ ಕಳೆದವರದು ಇನ್ನೂ ಸೂಕ್ಷ್ಮ. ಕೋಣೆ ಸಿಕ್ಕ ಮೊದಲ ವಾರಗಳಲ್ಲಿ ಅವರು ಸಂಜೆಯಾದರೆ ಹಳೆಯ ಫುಟ್‌ಪಾತಿಗೇ ಬಂದು ಕೂರುವುದುಂಟು. ಮಂಚ ಬಿಟ್ಟು ಬಾಗಿಲ ಬಳಿ ನೆಲದ ಮೇಲೆ ಮಲಗುತ್ತಾರೆ. ಸದ್ದಿಲ್ಲದ ರಾತ್ರಿ ಹೆದರಿಸುತ್ತದೆ. ಹಳೆಯ ಸಂಗಾತಿಗಳನ್ನು ಬೀದಿಯಲ್ಲೇ ಬಿಟ್ಟುಬಂದೆನಲ್ಲ ಎಂಬ ಸಂಕಟ ಒಂದು ಕಡೆ. ಊರಿಗೆ ಫೋನು ಮಾಡಲು “ಯಾವ ಮುಖ ಇಟ್ಟುಕೊಂಡು ಮಾತಾಡಲಿ” ಎಂಬ ನಾಚಿಕೆ ಇನ್ನೊಂದು ಕಡೆ. ಆ ವಾರಗಳಲ್ಲಿ ದಿನಕ್ಕೊಮ್ಮೆ ಬಂದು “ಊಟ ಆಯ್ತಾ?” ಎಂದು ಕೇಳುವವರೊಬ್ಬರು ಇಲ್ಲದಿದ್ದರೆ ಆ ಕೋಣೆ ಖಾಲಿಯಾಗುತ್ತದೆ, ಆಮೇಲೆ “ನೋಡಿ, ಕೊಟ್ಟರೂ ಉಳಿಸಿಕೊಳ್ಳಲಿಲ್ಲ” ಎನ್ನುವವರ ಕೈ ಮೇಲಾಗುತ್ತದೆ. ಮನಸ್ಸಿನ ಮಾತು ಎತ್ತಿದ್ದು ಇದಕ್ಕೆ. ಅದು ವಸತಿ ಹಕ್ಕಿನ ಬದಲಿಗೆ ಇಟ್ಟ ಮಾತಲ್ಲ, ಸಿಕ್ಕಿದ ಮನೆ ಕೈತಪ್ಪದಿರಲು ಬೇಕಾದ ಕೆಲಸ. ಬಾಡಿಗೆಯ ಲೆಕ್ಕದಲ್ಲೇ ಆ ಭೇಟಿಗೆ ಬರುವವರ ಸಂಬಳವೂ ಸೇರಬೇಕು ಎಂಬುದು ನನ್ನ ಒತ್ತಾಯ.

ದುಡ್ಡೆಲ್ಲಿದೆ ಎಂಬ ಪ್ರಶ್ನೆ ಹೆಚ್ಚು ಕಡಿಮೆ ಎಲ್ಲರಿಂದಲೂ ಬಂದಿದೆ. ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಅದರಲ್ಲಿ ಭಿಕ್ಷುಕರ ಕರ ಎಂದು ಶೇ. 3 ಸೇರಿರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಸಂಗ್ರಹವಾಗುವ ಹಣವಿದು. ಈ ಕಾಯ್ದೆಯ ದಾರಿ ಎಂದರೆ ಬೇಡುವವರನ್ನು ಹಿಡಿದು ತಂದು ಪರಿಹಾರ ಕೇಂದ್ರದಲ್ಲಿ ಇಡುವುದು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ದೆಹಲಿಯಲ್ಲಿ ಭಿಕ್ಷೆಯನ್ನು ಅಪರಾಧವೆನ್ನುವ ಕಲಮುಗಳನ್ನು ಅಲ್ಲಿನ ಹೈಕೋರ್ಟು 2018ರಲ್ಲೇ ರದ್ದು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟು, ಬೀದಿಯಿಂದ ಭಿಕ್ಷುಕರನ್ನು ತೆಗೆಸಿ ಎಂಬ ಕೋರಿಕೆಯನ್ನು ಒಪ್ಪಲಿಲ್ಲ. ಜನ ಬೇಡುವುದು ಶಿಕ್ಷಣ, ಉದ್ಯೋಗ ಇಲ್ಲದ್ದರಿಂದ ಎಂದಿತು. ನಮ್ಮ ಕಾಯ್ದೆ ಮಾತ್ರ ಹಿಡಿದು ಇಡುವ ದಾರಿಯನ್ನು ಬಿಟ್ಟಿಲ್ಲ. ಆ ಶೇ. 3ರ ಹಣದಲ್ಲಿ ಒಂದು ಪಾಲನ್ನಾದರೂ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಯಶವಂತಪುರದ ಮಂಡಿಗಳ ಸುತ್ತ ಬಾಡಿಗೆ ಕೋಣೆ ಹಿಡಿಯಲು, ಅಲ್ಲಿಗೆ ಹೋಗಿ ಬರುವವರ ಸಂಬಳಕ್ಕೆ ಬಳಸಲು ಕಾಯ್ದೆ ತಿದ್ದಿ ಎಂದು ನಾನು ಕೇಳುತ್ತಿದ್ದೇನೆ. ಆಕ್ಷೇಪಿಸುವವರು ಇದಕ್ಕಿಂತ ಒಳ್ಳೆಯ ಉಪಯೋಗ ಸೂಚಿಸುವುದಾದರೆ ಸೂಚಿಸಲಿ, ಓದಲು ಸಿದ್ಧಳಿದ್ದೇನೆ.